ಕರ ಎಲ್ಲೈತ್ರೀ?

ನಾನು ಜೆಸ್ಕಾಂನ ಮೀಟರ್ ಓದುವವ.
ಮುದಗಲ್ಲಿನ ಕೋಟೆಗೋಡೆಗೆ ಬೆನ್ನು ಕೊಟ್ಟ ಓಣಿಗಳಲ್ಲಿ
ಮಂದಿ ಮುಂಬಾಗಿಲು ನೋಡುತ್ತಾರೆ, ನಾನು ಹಿತ್ತಲು.
ಯಾರ ಫ್ರಿಜ್ಜು ಕೆಟ್ಟಿದೆ, ಯಾರು ಕಂಬಕ್ಕೆ ಕೊಕ್ಕೆ ಹಾಕಿದ್ದಾರೆ,
ಯಾರ ಎಮ್ಮೆ ಈದಿದೆ, ಎಲ್ಲ ಗೊತ್ತು. ಹೇಳುವುದಿಲ್ಲ.

ಆ ದಿನ ಪಂಪಣ್ಣನ ದೊಡ್ಡಿಯಲ್ಲಿ
ನಾಲ್ಕುನೂರ ಹನ್ನೆರಡು ಅಂತ ಒತ್ತುವಷ್ಟರಲ್ಲಿ ಕಂಡಿತು
ಗೋಡೆಗೆ ಒರಗಿಸಿಟ್ಟ ಕರು.
ಕಣ್ಣಿನ ಜಾಗದಲ್ಲಿ ಹೊಲಿಗೆ. ಹೊಟ್ಟೆಯ ಹರಕಿನಿಂದ
ಇಣುಕುವ ಭತ್ತದ ಹುಲ್ಲು.
ತಂದು ಎಮ್ಮೆಯ ಎದುರು ನಿಲ್ಲಿಸಿದ.
ಎಮ್ಮೆ ನೆಕ್ಕಿತು. ಬೆನ್ನು, ಕಿವಿ, ಮತ್ತೆ ಬೆನ್ನು.
ಅಲ್ಲಿ ಮಾತ್ರ ಕೂದಲುದುರಿ ಚರ್ಮ ನುಣ್ಣಗಾಗಿತ್ತು.
ಬಕೆಟ್ಟಿನಲ್ಲಿ ಸರ್ ಸರ್ ಹಾಲು,
ಹನ್ನೊಂದು ವರ್ಷದಿಂದ ನಮ್ಮ ಮನೆಗೆ ಬರುತ್ತಿದ್ದ ಹಾಲು.

ಮೊಟ್ಟೆ ಹಾಕಿದ ಕೇಕು ಮುಟ್ಟದ ಮನೆ ನಮ್ಮದು.
ಮದುವೆ ಊಟದಲ್ಲಿ, ಈ ಸೌಟು ನಿನ್ನೆ
ಯಾವ ಪಾತ್ರೆಯಲ್ಲಿತ್ತೆಂದು ಕೇಳಿ ಕೂಡುವವರು.
ಇದೊಂದು ಕೇಳಿರಲಿಲ್ಲ.

ಅಂದಿನಿಂದ ಬಿಲ್ಲು ಹರಿದು ಕೊಡುವಾಗ
'ಕರ ಎಲ್ಲೈತ್ರೀ?'
ಒಬ್ಬ: 'ಅತ್ತಿ ಮನಿಗೆ ಹೋಗೇತಿ.' ನಗು.
ಇನ್ನೊಬ್ಬ: 'ಹೆಣ್ಣಾದ್ರ ಐತಿ, ಗಂಡಾದ್ರ ಇಲ್ಲ.'
ಡೇರಿಯ ಕಾರ್ಯದರ್ಶಿ ಕನ್ನಡಕ ಒರೆಸಿಕೊಂಡು:
'ಪ್ಯಾಕೆಟ್ಟಿನ ಮ್ಯಾಲ ಫ್ಯಾಟ್ ಎಷ್ಟಂತ ಬರದಿರ್ತಾರ,
ಅದನ್ನ ಓದ್ರಿ.'

ಬಸಲಿಂಗಮ್ಮ ತವರಿನಿಂದ ಕುಸುಬಿ ತರಿಸಿದಳು.
ನೆನೆಹಾಕಿ, ಒರಳಲ್ಲಿ ತಿರುವಿ, ಹಳೆ ಧೋತರದ ತುಂಡಿನಲ್ಲಿ ಹಿಂಡಿದರೆ
ಬೆಳ್ಳಗೆ ಇಳಿಯಿತು.
ಗೋಧಿ ಹುಗ್ಗಿಗೆ ಹಾಕಿದೆವು. ಸತ್ತುಹೋದ ನನ್ನ ಅಜ್ಜಿ
ಪಕ್ಕದಲ್ಲೇ ಕೂತು ತಾಟು ನೆಕ್ಕಿದಂತಾಯಿತು.
ಚಹಾಕ್ಕೆ ಹಾಕಿದೆವು. ಒಡೆಯಿತು.
ಶೇಂಗಾದ ಹಾಲಿಗೆ ನಿಂಬೆ ಹಿಂಡಿ
ಮೊಸರೇ ಎಂದು ಕರೆದೆವು. ಓಗೊಡಲಿಲ್ಲ.
ಕಟಿ ರೊಟ್ಟಿ, ಗುರೆಳ್ಳು ಹಿಂಡಿ, ಹಸಿ ಉಳ್ಳಾಗಡ್ಡಿ;
ತಾಟಿನಲ್ಲಿ ಮೊಸರಿನ ಜಾಗ, ಬಿದ್ದ ಹಲ್ಲಿನ ಜಾಗದಂತೆ.
ನಾಲಿಗೆ ಅಲ್ಲಿಗೇ ಹೋಗುತ್ತದೆ.

ಫ್ರಿಜ್ಜಿನಲ್ಲಿ, ಕೊತ್ತಂಬರಿ ಕಟ್ಟಿನ ಹಿಂದೆ
ಅರ್ಧ ಲೀಟರಿನ ನೀಲಿ ಪ್ಯಾಕೆಟ್ಟು ಒಂದಿರುತ್ತದೆ.
ನಾನು ಕೊತ್ತಂಬರಿ ಸರಿಸುವುದಿಲ್ಲ.

ಕಂದಕದ ಬದಿಗೆ ದುರುಗವ್ವನ ಮನೆ, ಒಂದೇ ಎಮ್ಮೆ.
ತಿಂಗಳಿಗೆ ಹದಿನೆಂಟು ಯೂನಿಟ್ಟು ದಾಟದ ಮೀಟರು.
ನನ್ನ ಪ್ರಶ್ನೆಗೆ ಅವಳು ನನ್ನ ಕಾಲು ನೋಡಿದಳು.
'ಈ ಚಪ್ಪಲಿ ಯಾವ ಗಿಡದಾಗ ಬೆಳೀತೈತಿ, ಲೈನ್‌ಮನ್ ಸಾಹೇಬ್ರ?'
ನಾನು ಲೈನ್‌ಮನ್ ಅಲ್ಲ. ಅದನ್ನೂ ಹೇಳಲಾಗಲಿಲ್ಲ.
'ನಾವು ಖಂಡ ತಿನ್ನೋ ಮಂದಿ, ಸುಳ್ಳು ಹೇಳಂಗಿಲ್ಲ.
ಎರಡು ಮೊಲಿ ಅದರದು, ಎರಡು ನಂದು.
ನಂದರಾಗ ಉಳದ್ರ ನಿಮಗ.
ಅಲ್ಲೈತಿ ನೋಡ್ರಿ, ಗಂಡು. ಅದರ ಹೊಟ್ಟಿ ಯಾರು ತುಂಬ್ಸೋರು?
ಹುಲ್ಲಿನ ರೊಕ್ಕ ಹಾಲಿನ ಮ್ಯಾಲೇ ಬೀಳತೈತಿ.'
ಲೀಟರಿಗೆ ನೂರಾ ಇಪ್ಪತ್ತು.
ಮರುದಿನದಿಂದ ತಂಬಿಗೆ ಹಿಡಿದು ಹೋದೆ.

ಈಗ ಐದು ತಿಂಗಳು.
ಕೆಲವು ದಿನ ಅರ್ಧ ತಂಬಿಗೆ, ಕೆಲವು ದಿನ ಕರು ಕುಡಿದು ಮುಗಿಸಿರುತ್ತದೆ.
ಖಾಲಿ ತಂಬಿಗೆ ತೂಗಾಡಿಸಿಕೊಂಡು ಬಂದ ರಾತ್ರಿ
ಬಸಲಿಂಗಮ್ಮ ಏನೂ ಕೇಳದೆ ಕುಸುಬಿ ನೆನೆಹಾಕುತ್ತಾಳೆ.

ಕೋಣಗರು ದಿಂಡಾಗಿ ಬೆಳೆದಿದೆ.
ಮಷಿನ್ನು ಹಿಡಿದ ನನ್ನ ಕೈಯ ಉಪ್ಪು ನೆಕ್ಕುತ್ತದೆ,
ಅರದಂಥ ನಾಲಿಗೆ, ಮಣಿಕಟ್ಟಿನವರೆಗೂ.
ಇದಕ್ಕೆ ಹೆಸರೇನಿಟ್ಟಿ ಅಂದೆ ಒಮ್ಮೆ.
'ಇಟ್ಟಿಲ್ಲ,' ಅಂದಳು ಅಂಗಳಕ್ಕೆ ಹೆಂಡಿ ಬಳಿಯುತ್ತ,
'ಎಮ್ಮಿ ಬತ್ತಿದ ಮ್ಯಾಲ ನೋಡೂಣು.'

ಏನು ನೋಡೂಣು ಅಂತ ಕೇಳಲಿಲ್ಲ.
ಬಿಲ್ಲು ಹರಿದು ಕೊಟ್ಟೆ, ಹತ್ತೊಂಬತ್ತು ಯೂನಿಟ್ಟು.
ಹೊರಡಲು ಬಾಗಿಲಲ್ಲಿ ಬಿಟ್ಟ ಚಪ್ಪಲಿ ಹುಡುಕಿದರೆ
ಒಂದೇ ಇತ್ತು.
ಇನ್ನೊಂದನ್ನು ಕರು
ಕಣ್ಣು ಅರ್ಧ ಮುಚ್ಚಿಕೊಂಡು, ನಿಧಾನಕ್ಕೆ, ಅಗಿಯುತ್ತಿತ್ತು.